ಬಲೂನಪ್ಪ ಮತ್ತು ತಗ್ಗಿನ ಕೇರಿಯ ಗಾಳಿ

ಬಲೂನಪ್ಪ ತಗ್ಗಿನ ಕೇರಿಗೆ ಮೊದಲ ಸಲ ಇಳಿದು ಬಂದ ದಿನ ಅವನ ಹೆಗಲ ಮೇಲೆ ಒಂದು ಬಿಳಿ ಪೆಟ್ಟಿಗೆ ಇತ್ತು. ನಾಲ್ಕೂ ಪಕ್ಕಕ್ಕೆ ಓರೆಯಾಗಿ ಹೊಡೆದ ಹಲಗೆ ಪಟ್ಟಿಗಳು, ಮುಂದೆ ಒಂದು ಗಿಡ್ಡ ಬಾಗಿಲು, ಕೆಳಗೆ ಉದ್ದನೆಯ ನಾಲ್ಕು ಕಾಲು. ಅದನ್ನು ಹೊತ್ತು ಅವನು ಮೆಟ್ಟಿಲಿಳಿಯುವುದನ್ನು ಮೊದಲು ಕಂಡವನು ದರ್ಜಿ.

"ಕಾಜದಜ್ಜೀ, ಬಾ ನೋಡು. ಯಾರೋ ಪಾರಿವಾಳದ ಗೂಡು ಮಾರೋಕೆ ಬಂದಿದಾನೆ!"

ಕಾಜದಜ್ಜಿ ಹೊಸ್ತಿಲ ಮೇಲೆ ಕೂತು ದರ್ಜಿ ಕೊಟ್ಟ ಅಂಗಿಗಳಿಗೆ ಕಾಜ ಹೊಲಿಯುತ್ತಿದ್ದಳು. ಗಂಡ ಹೋದಾಗಿನಿಂದ ಅದೇ ಕೆಲಸ. ಒಂದು ಕಾಜಕ್ಕೆ ಇಪ್ಪತ್ತೆರಡು ಹೊಲಿಗೆ. ಇಪ್ಪತ್ತೊಂದು ಬಿದ್ದರೆ ಬಿಚ್ಚಿ ಮತ್ತೆ ಹೊಲಿಯುವವಳು. ಓದು ಬರಹ ಅಷ್ಟಕ್ಕಷ್ಟೆ. ಅಂಕಿ ಗೊತ್ತಿತ್ತು, ಸಹಿ ಮಾಡುತ್ತಿದ್ದಳು, ಅಂಗಡಿಯ ಬೋರ್ಡುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು.

"ಯಾರ ಮನೆ ಬೇಕಪ್ಪಾ?" ಎಂದಳು.

"ಈ ಊರಲ್ಲಿ ಎಲ್ಲಕ್ಕಿಂತ ಚಳಿ ಇರೋ ಅಂಗಳ ಬೇಕು" ಎಂದ ಅವನು, ಏದುಸಿರು ಬಿಡುತ್ತ.

ದರ್ಜಿಗೆ ನಗು ತಡೆಯಲಿಲ್ಲ. "ವಿಳಾಸ ಸರಿಯಾಗೇ ಇದೆ ಸ್ವಾಮಿ. ಈ ಅಜ್ಜಿ ಅಂಗಳದಲ್ಲಿ ಬೇಸಿಗೇಲೂ ನಾಯಿ ಮಲಗಲ್ಲ."

ಅವನು ಗುಡ್ಡದ ಮೇಲಿನ ಹವಾಮಾನ ಕಚೇರಿಯವನು. ದಿನಾ ಬೆಳಿಗ್ಗೆ ಆರಕ್ಕೆ ಗುಡ್ಡದಿಂದ ಒಂದು ಬಿಳಿ ಬಲೂನು ಮೇಲೇಳುವುದನ್ನು ಊರೆಲ್ಲ ನೋಡಿತ್ತು, ಬಿಡುವವನನ್ನು ಮಾತ್ರ ಯಾರೂ ನೋಡಿರಲಿಲ್ಲ. ವಯಸ್ಸು ಐವತ್ತರ ಆಸುಪಾಸು. ಒಂದರ ಮೇಲೊಂದು ಎರಡು ಸ್ವೆಟರ್, ಎರಡು ಬೂಟಿಗೆ ಎರಡು ಬಣ್ಣದ ದಾರ.

"ಓ, ಅದು ನೀನಾ? ಅಲ್ಲಪ್ಪಾ, ದಿನಾ ಬಿಡ್ತೀಯಲ್ಲ, ಒಂದಾದ್ರೂ ವಾಪಸ್ ಬಂತಾ?"

"ಇಲ್ಲಕ್ಕಾ. ಅದರ ಬಾಲಕ್ಕೆ ಒಂದು ಯಂತ್ರ ಕಟ್ಟಿರ್ತೀವಿ. ಮೇಲೆ ಹೋಗ್ತಾ ಹೋಗ್ತಾ ಅಲ್ಲಲ್ಲಿನ ಸುದ್ದಿ ಹೇಳ್ತಾ ಹೋಗುತ್ತೆ. ಕೊನೆಗೆ ಒಡೆದು ಬೀಳುತ್ತೆ."

"ನಮ್ಮ ನಾದಿನೀನೂ ಹಂಗೇ," ದರ್ಜಿ ನಡುವೆ ಬಾಯಿ ಹಾಕಿದ, "ಒಡೆಯೋದೊಂದು ಬಾಕಿ."

ಅಂದಿನಿಂದ ಕೇರಿಯಲ್ಲಿ ಅವನಿಗೆ ಬಲೂನಪ್ಪ ಎಂದೇ ಹೆಸರಾಯಿತು. ಅವನಿಗೂ ಬೇಸರವಿರಲಿಲ್ಲ.

"ಬಲೂನು ಗುಡ್ಡದಿಂದ ಮೇಲಕ್ಕೆ ಹೋಗುತ್ತೆ" ಎಂದು ಅವನು ಪೆಟ್ಟಿಗೆಯನ್ನು ಅಂಗಳದಲ್ಲಿ ಊರುತ್ತ ಹೇಳಿದ. "ಗುಡ್ಡದಿಂದ ಕೆಳಗಿನ ಗಾಳೀನ ಕೇಳೋರೇ ಇಲ್ಲ. ನೀವೆಲ್ಲ ಉಸಿರಾಡೋದು ಅದನ್ನೇ ತಾನೇ?"

ಪೆಟ್ಟಿಗೆಯೊಳಗೆ ಒಂದು ಗಾಜಿನ ಕಡ್ಡಿ, ಅದರಲ್ಲಿ ಕೂದಲೆಳೆಯಷ್ಟು ಪಾದರಸ. ಗಾಳಿಯ ಬಿಸಿ ಎಷ್ಟೆಂದು ದಿನಕ್ಕೆ ಎರಡು ಸಲ ಅದನ್ನು ಓದಿ ಬರೆದಿಡಬೇಕು. ಕಾಜದಜ್ಜಿ ಒಪ್ಪಿದ್ದು ಏಕೆಂದರೆ, ಅವನು ಓದು ಬರುತ್ತಾ ಎಂದು ಕೇಳಲಿಲ್ಲ, ಕಣ್ಣು ಹೇಗಿದೆ ಎಂದು ಕೇಳಿದ.

ಕಲಿಸಿದ್ದು ಒಂದೇ ಮಧ್ಯಾಹ್ನ. "ಗಾಜಿಗೂ ಮೈ ಇದೆ ಅಕ್ಕಾ. ನಿನ್ನ ಉಸಿರು ಸೋಕಿದ್ರೆ ಸಾಕು, ಏರುತ್ತೆ. ಬಾಗಿಲು ತೆಗಿ, ಉಸಿರು ಬಿಗಿಹಿಡಿ, ಮೊದಲು ಸಣ್ಣ ಗೆರೆ ಎಣಿಸು, ಒಂದು ಡಿಗ್ರಿಗೆ ಹತ್ತು ಗೆರೆ. ಆಮೇಲೆ ದೊಡ್ಡ ಅಂಕಿ. ಸಣ್ಣದು ಓಡಿಹೋಗುತ್ತೆ, ದೊಡ್ಡದು ಎಲ್ಲೂ ಹೋಗಲ್ಲ."

"ಮಕ್ಕಳಿರೋ ಮನೇಲೂ ಹಂಗೇ ಕಣಪ್ಪಾ. ಸಣ್ಣೋರನ್ನ ಮೊದಲು ಹಿಡೀಬೇಕು."

ಅವನು ಜೋರಾಗಿ ನಕ್ಕ. ಬಲೂನಿಗೆ ತುಂಬುವ ಅನಿಲ ಒಮ್ಮೆ ಪಕ್ಕದಲ್ಲೇ ಸಿಡಿದು ಅವನ ಬಲಗಿವಿ ಹೋಗಿತ್ತು. ಹಾಗಾಗಿ ಮಾತೂ ಜೋರು, ನಗುವೂ ಜೋರು.

ಮೂರನೆಯ ತಿಂಗಳಲ್ಲಿ ಅವಳು ಒಂದು ತಪ್ಪು ಮಾಡಿದಳು. ಸಣ್ಣ ಗೆರೆಗಳ ಮೇಲೆ ಎಷ್ಟು ಗಮನವಿತ್ತೆಂದರೆ, ಹದಿನೆಂಟೂ ಎಂಟು ಇದ್ದದ್ದನ್ನು ಹದಿಮೂರೂ ಎಂಟು ಎಂದು ಬರೆದಳು. ಸಾಯಂಕಾಲ ಫೋನಿನಲ್ಲಿ ಅಂಕಿ ಕೇಳಿದ ಬಲೂನಪ್ಪ ಅರ್ಧ ಗಂಟೆಯಲ್ಲಿ ಗುಡ್ಡ ಇಳಿದು ಬಂದಿದ್ದ. ಬೈಯಲಿಲ್ಲ. "ಇದಕ್ಕೆ ಐದರ ತಪ್ಪು ಅಂತಾರೆ. ಉದ್ದ ಗೆರೆ ಐದಕ್ಕೂ ಇದೆ, ಹತ್ತಕ್ಕೂ ಇದೆ. ಗೆರೆ ಎಣಿಸೋ ಭರದಲ್ಲಿ ಯಾವುದು ಅಂತ ಮರೀತೀವಿ. ನಾನೂ ಮಾಡಿದೀನಿ" ಎಂದು ತನ್ನ ದೊಡ್ಡ ಪುಸ್ತಕದಲ್ಲಿ ಹದಿಮೂರರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹದಿನೆಂಟು ಬರೆದ. ಆಮೇಲೆ ವರ್ಷಗಟ್ಟಲೆ ಅವಳು ಒಂದು ಗೆರೆಯೂ ತಪ್ಪಲಿಲ್ಲ.

ಗುರುವಾರ ಗುರುವಾರ ಅವನು ಬಂದು ಪೆಟ್ಟಿಗೆಯ ಧೂಳು ಒರೆಸುತ್ತಿದ್ದ, ಗಾಜಿನ ಕಡ್ಡಿಯ ಪಕ್ಕ ತನ್ನದೊಂದು ಕಡ್ಡಿ ಇಟ್ಟು ಎರಡೂ ಒಂದೇ ಹೇಳುತ್ತವೆಯೇ ಎಂದು ನೋಡುತ್ತಿದ್ದ. ಬಳಿಕ ಮೆಟ್ಟಿಲ ಮೇಲೆ ಕೂತು ಬಿಸಿನೀರು ಕುಡಿಯುತ್ತಿದ್ದ. ಅವನ ಹೆಂಡತಿ ಬೇರೊಂದು ಊರಿನಲ್ಲಿ ಟೀಚರು. ತಿಂಗಳಿಗೆರಡು ಭಾನುವಾರ ಬರುತ್ತಿದ್ದಳು. ಒಂದು ಸಲ ಅವಳನ್ನು ಬಸ್ಸಿನಿಂದ ಕರೆತರಲು ಹೋದವನು ಯಾವುದೋ ಚಿಮಣಿಯ ಹೊಗೆ ನೋಡುತ್ತ ನಿಂತು, ಅವಳು ಎದುರಿಗೇ ನಡೆದು ಹೋದರೂ ಕಾಣಲಿಲ್ಲವಂತೆ. "ನಿಮ್ಮನ್ನ ಕಟ್ಕೊಂಡಿದ್ದಕ್ಕಿಂತ ಒಂದು ಚಿಮಣಿ ಆಗಿದ್ರೆ ಚೆನ್ನಾಗಿತ್ತು ಅಂದ್ಲು" ಎಂದು ತಾನೇ ಹೇಳಿಕೊಂಡು ನಗುತ್ತಿದ್ದ.

ಅವನ ಜೀವವೆಲ್ಲ ಇದ್ದದ್ದು ಕಚೇರಿಯ ಕಂಪ್ಯೂಟರಿನೊಳಗೆ ಅವನು ಕಟ್ಟುತ್ತಿದ್ದ ಒಂದು ಲೆಕ್ಕದಲ್ಲಿ. ಇಡೀ ಊರಿನ ಗಾಳಿಯನ್ನು ಬಟ್ಟೆಯ ತುಂಡುಗಳಂತೆ ಚೌಕ ಚೌಕ ಕತ್ತರಿಸಿ, ಯಾವ ಚೌಕದ ಗಾಳಿ ಎಷ್ಟು ಬಿಸಿ, ಯಾವುದು ಯಾವುದರೊಳಗೆ ನುಗ್ಗುತ್ತದೆ ಎಂದು ಲೆಕ್ಕ ಹಾಕಿ, ನಾಳೆ ಅಲ್ಲಿ ಏನಾಗುತ್ತದೆ ಎಂದು ಹೇಳುವ ಊರಿನ ಬೊಂಬೆ. ಹನ್ನೊಂದು ವರ್ಷದಿಂದ ಅದನ್ನೇ ಹೊಲಿಯುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಹೊಲಿಯುತ್ತಿದ್ದ.

"ಹೊಲಿದು ಮುಗಿದ ಮೇಲೆ ಮೈಗೆ ಹಾಕಿ ನೋಡ್ತಾರಲ್ಲ, ನಿನ್ನ ಪೆಟ್ಟಿಗೆ ಅದಕ್ಕೆ" ಎಂದಿದ್ದ ಒಮ್ಮೆ. "ಬೊಂಬೆ ಒಂದು ಅಂಕಿ ಹೇಳುತ್ತೆ, ನೀನು ಒಂದು ಹೇಳ್ತೀಯ. ಬೊಂಬೆ ಏನು ಹೇಳಿದೆ ಅಂತ ನಿನಗೆ ನಾನು ಯಾವತ್ತೂ ಹೇಳಲ್ಲ. ಓದೋರಿಗೆ ಯಾವ ಅಂಕಿ ಬೇಕು ಅಂತ ಗೊತ್ತಾಗಬಾರದು. ಗೊತ್ತಾದ್ರೆ ಕಣ್ಣು ಅದನ್ನೇ ಕಾಣುತ್ತೆ."

ಚಳಿಗಾಲದ ಬೆಳಿಗ್ಗೆ ತಗ್ಗಿನ ಕೇರಿಯ ಒಲೆಗಳ ಹೊಗೆ ಮೇಲೆ ಹೋಗುತ್ತಿರಲಿಲ್ಲ. ಮಾಡಿನ ಮಟ್ಟಕ್ಕೆ ಬಂದು ಚಾದರದಂತೆ ಹರಡಿ ನಿಂತುಬಿಡುತ್ತಿತ್ತು. ತಣ್ಣನೆಯ ಗಾಳಿ ನೀರಿನ ಹಾಗೆ ಗುಡ್ಡದಿಂದ ಹರಿದು ತಗ್ಗಿಗೆ ತುಂಬಿಕೊಳ್ಳುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದಂತೆ ಕೂರುತ್ತದೆ, ಬಿಸಿಲು ನೆಲವನ್ನು ಕಾಯಿಸುವ ತನಕ ಒಳಗಿನದು ಹೊರಗೆ ಹೋಗುವುದಿಲ್ಲ ಎಂದು ಬಲೂನಪ್ಪ ಬಿಡಿಸಿ ಹೇಳಿದ್ದ. ಅಜ್ಜಿಗೆ ಅದೇನೂ ಹೊಸದಲ್ಲ, ನಲವತ್ತು ವರ್ಷ ಆ ಮುಚ್ಚಳದ ಕೆಳಗೇ ಕೆಮ್ಮಿದವಳು.

ನಾಲ್ಕನೆಯ ಚಳಿಗಾಲದಲ್ಲಿ ಆ ಮುಚ್ಚಳವೇ ಎಲ್ಲರ ಬಾಯಿಯ ಮಾತಾಯಿತು.

ಕೇರಿಯ ನೆತ್ತಿಯ ಮೇಲೆ, ಇಳಿಜಾರಿನಲ್ಲಿ, ಹಳೆಯ ಐಸ್ ಕಾರ್ಖಾನೆ ಇತ್ತು. ಅಲ್ಲಿನ ಅಮೋನಿಯಾ ಟ್ಯಾಂಕಿನ ಬಾಯಿ ತುಕ್ಕು ಹಿಡಿದು ಒಸರತೊಡಗಿತು. ಅರ್ಧವನ್ನು ಹೇಗೋ ಬೇರೆ ಟ್ಯಾಂಕಿಗೆ ಹಾಯಿಸಿದರು, ಮಿಕ್ಕಿದ್ದು ಜಪ್ಪಯ್ಯ ಅಂದರೂ ಬರಲಿಲ್ಲ. ಅದನ್ನು ಎತ್ತರದ ಕೊಳವೆಯಿಂದ ಸ್ವಲ್ಪ ಸ್ವಲ್ಪವಾಗಿ ಗಾಳಿಗೆ ಬಿಡುವುದೆಂದು ತಜ್ಞರು ತೀರ್ಮಾನಿಸಿದರು. ಕಾಯಿದೆಯ ಪ್ರಕಾರ ಹವಾಮಾನ ಕಚೇರಿಯವನು 'ಗಾಳಿ ಮೇಲಕ್ಕೆ ಬೆರೆಯುತ್ತಿದೆ' ಎಂದು ಸಹಿ ಹಾಕಿದ ಮೇಲೆಯೇ ಬಿಡಬೇಕು. ಅಂದರೆ ಬಲೂನಪ್ಪ.

ಬಿಡುವ ದಿನದ ಹಿಂದಿನ ಸಂಜೆಯೇ ಜನರನ್ನು ಸಾಗಿಸಲು ಬಸ್ಸು ಬಂತು, ಹೋಗಲು ಆಗುವವರು ಹೋದರು. ದರ್ಜಿಯೂ ಹೊಲಿಗೆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಹೋದ. ಕಾಜದಜ್ಜಿ ಹೋಗಲಿಲ್ಲ. ಅವಳ ಮನೆಯಿಂದ ಹನ್ನೊಂದು ಮೆಟ್ಟಿಲ ಕೆಳಗೆ, ಚರಂಡಿಯ ಪಕ್ಕದ ಕೊನೆಯ ಮನೆಯಲ್ಲಿ, ಮಗಳು ಒಂಬತ್ತು ದಿನದ ಬಾಣಂತಿ. ಕೂಸು ತಿಂಗಳು ತುಂಬುವ ಮುಂಚೆ ಹುಟ್ಟಿದ್ದು. ಈ ಚಳಿಯಲ್ಲಿ ಹೊರಗೆ ತೆಗೆದರೆ ಉಳಿಯುವುದು ಕಷ್ಟ ಎಂದು ನರ್ಸ್ ಕಟ್ಟುನಿಟ್ಟಾಗಿ ಹೇಳಿದ್ದಳು. ಅಳಿಯ ಲಾರಿ ಓಡಿಸುವವನು, ಎರಡು ದಿನದ ದಾರಿಯಾಚೆ ಇದ್ದ.

"ನೀನಾದ್ರೂ ಹೋಗಮ್ಮಾ" ಎಂದಳು ಮಗಳು.

"ಹೋಗ್ತೀನಿ ಹೋಗ್ತೀನಿ. ನಿನ್ನ ಹೆತ್ತಾಗಲೇ ಹೋಗಬೇಕಿತ್ತು, ತಪ್ಪೋಯ್ತು" ಎಂದು ಅಜ್ಜಿ ಒದ್ದೆ ಬಟ್ಟೆ ಹಿಂಡಿ ಕಿಟಕಿಯ ಸಂದುಗಳಿಗೆ ತುರುಕಿದಳು.

ಬೆಳಿಗ್ಗೆ ಏಳಕ್ಕೆ ಫೋನು ಬಂತು. ಇನ್ನು ಮುಂದೆ ಅರ್ಧ ಗಂಟೆಗೊಮ್ಮೆ. ಅಜ್ಜಿ ಪೆಟ್ಟಿಗೆಯ ಬಾಗಿಲು ತೆಗೆದಳು, ಉಸಿರು ಹಿಡಿದಳು.

"ಎರಡು. ದೊಡ್ಡದು ನಾಲ್ಕು. ನಾಲ್ಕೂ ಎರಡು."

ಫೋನಿನಲ್ಲಿ ಇನ್ನೊಂದು ಗಂಟಲು ಕೇಳಿಸಿತು. ಕಾರ್ಖಾನೆಯ ಮ್ಯಾನೇಜರು ಸಹಿಯ ಕಾಗದ ಹಿಡಿದು ಗುಡ್ಡದ ಕಚೇರಿಯಲ್ಲೇ ನಿಂತಿದ್ದ. "ನಾಲ್ಕಾ? ಬಸ್ ನಿಲ್ದಾಣದ ಬೋರ್ಡು ಒಂಬತ್ತು ಡಿಗ್ರಿ ತೋರಿಸ್ತಿದೆ ಸಾರ್! ಇಲ್ಲಿ ನೋಡಿ, ನಿಮ್ಮ ಪುಸ್ತಕದಲ್ಲೇ ಇದೆ, ಹಿಂದೊಂದ್ಸಲ ಈ ಅಮ್ಮ ಹದಿನೆಂಟನ್ನ ಹದಿಮೂರು ಮಾಡಿದಾರೆ. ಇವತ್ತೂ ಐದು ನುಂಗಿದಾರೆ!"

ಕಾಜದಜ್ಜಿಯ ಕೆನ್ನೆ ಬಿಸಿಯಾಯಿತು.

"ಅಕ್ಕಾ," ಬಲೂನಪ್ಪನ ದನಿ, "ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ ಹೇಳು."

ಹತ್ತು ನಿಮಿಷ ಬಿಟ್ಟು ಅವಳು ಹೇಳಿದಳು, "ನಾಲ್ಕೂ ಮೂರು."

"ಕೇಳಿದ್ರಾ?" ಅವನು ಮ್ಯಾನೇಜರಿಗೆ ಹೇಳುವುದು ಕೇಳಿಸಿತು. "ಹತ್ತು ನಿಮಿಷಕ್ಕೆ ಒಂದೇ ಒಂದು ಗೆರೆ ಏರಿದೆ. ಅದನ್ನ ಕಂಡವಳು ಐದು ನುಂಗಲ್ಲ. ನಿಮ್ಮ ಬೋರ್ಡು ಬಸ್ಸಿನ ಹೊಗೆ ಕುಡ್ಕೊಂಡು ನಿಂತಿದೆ. ಕೆಳಗೆ ನಾಲ್ಕು, ಇಲ್ಲಿ ಗುಡ್ಡದ ಮೇಲೆ ಎಂಟು. ಮುಚ್ಚಳ ಬಿಗಿಯಾಗಿದೆ. ಸಹಿ ಇಲ್ಲ."

"ಅಮೋನಿಯಾ ಹಗುರ ಸಾರ್, ಬಿಟ್ರೆ ಮೇಲೇ ಹೋಗುತ್ತೆ!"

"ಬೆಚ್ಚಗಿದ್ದಾಗ ಹಗುರ. ಟ್ಯಾಂಕಿಂದ ಬರೋವಾಗ ಹಿಮದ ಹಾಗಿರುತ್ತೆ, ನೆಲ ಹಿಡಿಯುತ್ತೆ. ಮೇಲೆ ಮುಚ್ಚಳ ಬೇರೆ. ಕೆಳಗಿನವರು ಏನು ಕುಡೀಬೇಕು?"

ಏಳೂವರೆಗೆ ನಾಲ್ಕೂ ಆರು. ಎಂಟಕ್ಕೆ ಐದು. ಎಂಟೂವರೆಗೆ ಐದೂ ಎಂಟು. ಒಂಬತ್ತಕ್ಕೆ ಆರೂ ಆರು. ಪ್ರತಿ ಸಲವೂ ಅಂಕಿ ಹೇಳಿದ ಮೇಲೆ ಮ್ಯಾನೇಜರ ದನಿ ಒಂದು ಮೆಟ್ಟಿಲು ಏರುತ್ತಿತ್ತು. ಅವನು ಸುಮ್ಮನೆ ಕೂಗುತ್ತಿರಲಿಲ್ಲ, ಅದು ಅಜ್ಜಿಗೂ ಅರ್ಥವಾಯಿತು. ಬಿಸಿಲು ಏರಿದಂತೆ ಟ್ಯಾಂಕೂ ಕಾಯುತ್ತದೆ, ಒಳಗಿನ ಒತ್ತಡ ಹೆಚ್ಚುತ್ತದೆ. ಅಳತೆಯ ಮುಳ್ಳು ಕೆಂಪು ಗೆರೆಗೆ ಮೂರು ಬೆರಳು ದೂರವಿತ್ತು, ಆಮೇಲೆ ಎರಡು. ಕೆಂಪು ಮುಟ್ಟಿದರೆ ಆ ತುಕ್ಕು ಬಾಯಿ ತಾನಾಗಿ ಕಿತ್ತುಕೊಂಡು ಎಲ್ಲವೂ ಒಂದೇ ಸಲ ಹೊರಗೆ ಬರುತ್ತದೆ. ಅದರ ಪಕ್ಕದಲ್ಲಿ ಒಬ್ಬ ಫಿಟ್ಟರ್ ಸ್ಪ್ಯಾನರ್ ಹಿಡಿದು ಬೆಳಗಿನಿಂದ ಕೂತಿದ್ದ. ಈಗ ಬಿಟ್ಟರೆ ಕೇರಿಗೆ ಕುತ್ತು, ಬಿಡದಿದ್ದರೆ ಅವನಿಗೆ ಕುತ್ತು, ಅತಿಯಾಗಿ ತಡೆದರೆ ಎಲ್ಲರಿಗೂ. ಅತ್ತ ದರಿ, ಇತ್ತ ಪುಲಿ.

ಒಂಬತ್ತೂವರೆಗೆ ಅವಳು "ಏಳೂ ನಾಲ್ಕು" ಎಂದಳು. ಆಗ ಬಲೂನಪ್ಪ ಫೋನಿಗೆ ಬಾಯಿ ಹತ್ತಿರ ತಂದು, ಅವನಿಗೆ ಅಭ್ಯಾಸವಿಲ್ಲದ ಸಣ್ಣ ದನಿಯಲ್ಲಿ ಹೇಳಿದ.

"ಅಕ್ಕಾ, ಇನ್ನೊಂದೇ ಸಲ. ಗುಡ್ಡದ ಮೇಲೆ ಈಗ ಎಂಟೂ ಎರಡು. ನಿನ್ನದು ಅದನ್ನ ದಾಟಿ ಒಂದು ಡಿಗ್ರಿ ಮೇಲೆ ಹೋದ್ರೆ ಮುಚ್ಚಳ ತೆರೀತು ಅಂತ ಅರ್ಥ. ಹತ್ತಕ್ಕೆ ಒಂಬತ್ತೂ ಎರಡು ದಾಟಿದ್ರೆ ಸಹಿ ಹಾಕ್ತೀನಿ."

ನಾಲ್ಕು ವರ್ಷದಲ್ಲಿ ಅವನು ಅವಳಿಗೆ ಬೇಕಾದ ಅಂಕಿ ಹೇಳಿದ್ದು ಅದೊಂದೇ ಸಲ. ಪಾಪ, ಅವನಿಗೂ ಬೆಳಗಿನಿಂದ ಒಂದು ಗುಟುಕು ನೀರು ಗಂಟಲಿಗೆ ಇಳಿದಿರಲಿಲ್ಲ.

ಹತ್ತಕ್ಕೆ ಐದು ನಿಮಿಷ ಇದ್ದಾಗ ಅಜ್ಜಿ ಮಗಳ ಮನೆಗೆ ಇಳಿದಳು. ಎಂಟನೆಯ ಮೆಟ್ಟಿಲಿನ ತನಕ ಬೆನ್ನಿಗೆ ಬಿಸಿಲಿತ್ತು. ಒಂಬತ್ತನೆಯದಕ್ಕೆ ಕಾಲಿಟ್ಟಾಗ ಕೊಳಕ್ಕೆ ಇಳಿದ ಹಾಗೆ ಹಿಮ್ಮಡಿ ತಣ್ಣಗಾಯಿತು. ಮಗಳು ನೀರು ಕಾಯಿಸಲು ಹಚ್ಚಿದ ಒಲೆಯ ಹೊಗೆ ಬಾಗಿಲ ಸಂದಿನಿಂದ ಹೊರಗೆ ಬಂದು ಮೊಣಕಾಲೆತ್ತರಕ್ಕೆ ನಿಂತಿತ್ತು, ಅಲುಗಾಡದೆ. ಒಳಗೆ ಕೂಸು ಮಲಗಿತ್ತು. ಅದರ ಎದೆ ಗುಬ್ಬಚ್ಚಿಯ ಎದೆಯ ಹಾಗೆ ಏರಿ ಇಳಿಯುತ್ತಿತ್ತು.

"ಮುಗೀತಾಮ್ಮಾ?" ಎಂದಳು ಮಗಳು.

"ಇನ್ನೇನು, ಇನ್ನೇನು."

ಅವಳು ಮೆಟ್ಟಿಲು ಹತ್ತಿ ಪೆಟ್ಟಿಗೆಯ ಮುಂದೆ ಬಂದಾಗ ಫೋನು ಬಡಿದುಕೊಳ್ಳುತ್ತಿತ್ತು. ಅದನ್ನು ಭುಜ ಕೆನ್ನೆಗಳ ನಡುವೆ ಒತ್ತಿ ಬಾಗಿಲು ತೆಗೆದಳು. ಏದುಸಿರನ್ನು ಹೇಗೋ ಬಿಗಿಹಿಡಿದಳು. ಸಣ್ಣ ಗೆರೆ ಎಣಿಸಿದಳು.

"ಆರು" ಎಂದಳು.

ಆಮೇಲೆ ದೊಡ್ಡ ಅಂಕಿ ನೋಡಿದಳು. ಒಂಬತ್ತು. ಸಂದೇಹವೇ ಇರಲಿಲ್ಲ. ಐದರ ಉದ್ದ ಗೆರೆಯಿಂದ ಎಣಿಸಿದರೂ ಒಂಬತ್ತು, ಹತ್ತರದ್ದರಿಂದ ಕೆಳಗೆ ಎಣಿಸಿದರೂ ಒಂಬತ್ತು. ಒಂಬತ್ತೂ ಆರು.

ಪೆಟ್ಟಿಗೆ ಇದ್ದದ್ದು ಅವಳ ಅಂಗಳದಲ್ಲಿ, ಬಿಸಿಲಿನಲ್ಲಿ. ಕೂಸು ಇದ್ದದ್ದು ಹನ್ನೊಂದು ಮೆಟ್ಟಿಲ ಕೆಳಗೆ. ಹಾಗೆಂದು ಹೇಳಬಹುದಿತ್ತು. 'ತಮ್ಮಾ, ಪಾದರಸ ಒಂಬತ್ತು ಅಂತಿದೆ, ಆದ್ರೆ ಕೆಳಗೆ ಹೊಗೆ ಇನ್ನೂ ನಿಂತಿದೆ' ಎಂದರೆ ಆಗುತ್ತಿತ್ತು. ಅವನು ಕೇಳುತ್ತಿದ್ದ. ಆದರೆ ಆ ಕಡೆ ಮ್ಯಾನೇಜರು "ಎಷ್ಟಂತೆ? ಎಷ್ಟಂತೆ ಸಾರ್?" ಎಂದು ಅರಚುತ್ತಿದ್ದ. 'ಒಂಬತ್ತು' ಎಂಬ ಮಾತು ಬಾಯಿಂದ ಬಿದ್ದರೆ ಅದರ ಹಿಂದಿನ 'ಆದರೆ' ಯಾರ ಕಿವಿಗೂ ಬೀಳುವುದಿಲ್ಲ ಎಂದು ಅವಳಿಗೆ ಅನಿಸಿತು.

"ಏಳು" ಎಂದಳು ಕಾಜದಜ್ಜಿ. "ಏಳೂ ಆರು."

ಆರನ್ನು ಬದಲಿಸಲು ಅವಳಿಗೆ ನಾಲಿಗೆ ಏಳಲಿಲ್ಲ. ಅದನ್ನು ಆಗಲೇ ಹೇಳಿಯಾಗಿತ್ತು.

ಬೆಳಿಗ್ಗೆ ಮಾಡಿದಂತೆ ಅವನು 'ಇನ್ನೊಂದು ಸಲ ನೋಡು' ಎನ್ನುತ್ತಾನೆಂದು ಅವಳು ಕಾದಳು. ಎಂದಿದ್ದರೆ ಏನು ಹೇಳುತ್ತಿದ್ದಳೋ ಅವಳಿಗೇ ಗೊತ್ತಿಲ್ಲ. ಅವನು ಅನ್ನಲಿಲ್ಲ.

"ಆಯ್ತಕ್ಕಾ" ಎಂದ. ಆ ಕಡೆ ತಿರುಗಿ, "ಇಲ್ಲ, ಸಹಿ ಇಲ್ಲ" ಎಂದ. ಮ್ಯಾನೇಜರು ಏನನ್ನೋ ಮೇಜಿನ ಮೇಲೆ ಬಡಿದ ಸದ್ದಾಯಿತು, ಫೋನು ಕಡಿದುಹೋಯಿತು.

ಹತ್ತು ಗಂಟೆ ಹದಿನೆಂಟು ನಿಮಿಷಕ್ಕೆ ಕಾರ್ಖಾನೆಯ ಸೈರನ್ ಒಂದು ಸಲ ಕೂಗಿತು. ಒಂದೇ ಸಲ, ಅರ್ಧಕ್ಕೆ ನಿಂತಿತು. ಅಜ್ಜಿ ಮಗಳ ಮನೆಗೆ ಓಡಿ, ಬಾಗಿಲು ಹಾಕಿ, ಕೂಸನ್ನು ಸೆರಗಿನೊಳಗೆ ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತಳು. ಏನೂ ಬರಲಿಲ್ಲ. ಹತ್ತೂವರೆಗೆ ಫೋನು ಬಂತು. ಅವಳು ಮೇಲೆ ಹೋಗಿ ಓದಿದಳು.

"ಒಂಬತ್ತು. ದೊಡ್ಡದು ಹತ್ತು. ಹತ್ತೂ ಒಂಬತ್ತು." ಅದು ಇದ್ದದ್ದು ಇದ್ದ ಹಾಗೆ. ಮೆಟ್ಟಿಲ ಕೆಳಗೆ ಮಗಳ ಒಲೆಯ ಹೊಗೆ ಅಲ್ಲಾಡಿ, ಎದ್ದು, ಮಾಡು ದಾಟಿ ಮೇಲೆ ಹೋಗುತ್ತಿತ್ತು.

ಬಲೂನಪ್ಪ ಸಹಿ ಹಾಕಿದ. ಮಧ್ಯಾಹ್ನ ಎರಡಕ್ಕೆ ಟ್ಯಾಂಕು ಬರಿದಾಯಿತು. ಕೇರಿಯಲ್ಲಿ ಉಳಿದಿದ್ದವರ ಕಣ್ಣು ಸ್ವಲ್ಪ ಉರಿಯಿತು, ಕೆಲವರು ಕೆಮ್ಮಿದರು, ಅಷ್ಟೇ. ಕೂಸು ಹಾಲು ಕುಡಿದು ಮಲಗಿತು.

ಸೈರನ್ ಏಕೆ ಕೂಗಿತೆಂದು ಸಂಜೆ ವಾಪಸು ಬಂದ ದರ್ಜಿ ಹೇಳಿದ. ಒತ್ತಡ ಹೆಚ್ಚಾಗಿ ಟ್ಯಾಂಕಿನ ಬಾಯಿಯ ಪಟ್ಟಿ ಸಡಿಲವಾಯಿತಂತೆ. ಫಿಟ್ಟರ್ ಓಡಿಹೋಗದೆ ಸ್ಪ್ಯಾನರ್ ಹಾಕಿ ತಿರುವಿ ತಿರುವಿ ಬಿಗಿ ಮಾಡಿದನಂತೆ. ಅಷ್ಟರಲ್ಲಿ ಚಿಮ್ಮಿದ್ದು ಅವನ ಮುಖಕ್ಕೆ ಬಿತ್ತು. "ಎಡಗಣ್ಣು ಹೋಯ್ತು ಅಂತಾರೆ" ಎಂದ ದರ್ಜಿ. "ಹತ್ತಕ್ಕೇ ಬಿಟ್ಟಿದ್ರೆ ಅವನಿಗೆ ಏನೂ ಆಗ್ತಿರಲಿಲ್ಲ ಅಂತ ಕಾರ್ಖಾನೆಯೋರು ಕೂಗಾಡ್ತಿದಾರೆ. ಬಿಟ್ಟಿದ್ರೆ ನಮಗೇನಾಗ್ತಿತ್ತು ಅಂತ ಅವರಪ್ಪ ಹೇಳ್ತಾನಾ? ಅಲ್ವಾ ಅಜ್ಜೀ?"

ಅಜ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಒಳಗೆ ಹೋಗಲಿಲ್ಲ. ಕೊನೆಗೆ ದರ್ಜಿಯೇ ಪೋಣಿಸಿ ಕೊಟ್ಟ.

ಒಂದು ವಾರದ ಮೇಲೆ ಅವಳು ಆಸ್ಪತ್ರೆಗೆ ಹೋದಳು. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದಳು. ಅರ್ಧ ಮುಖಕ್ಕೆ ಬಟ್ಟೆ ಸುತ್ತಿದ್ದ ಫಿಟ್ಟರ್ ತನ್ನ ಹೆಂಡತಿಗೆ ಏನೋ ತಮಾಷೆ ಹೇಳುತ್ತಿದ್ದ. ಒಳಗೆ ಹೋಗಿ ಏನು ಹೇಳುವುದು? ವಾಪಸು ಬಂದಳು.

ವಿಚಾರಣೆ ನಡೆಯಿತು. ಹತ್ತು ಗಂಟೆಗೆ ಏಕೆ ಸಹಿ ಹಾಕಲಿಲ್ಲ ಎಂದು ಬಲೂನಪ್ಪನನ್ನು ಮೂರು ದಿನ ಕೂರಿಸಿ ಕೇಳಿದರು. ಅವನು ಪುಸ್ತಕ ತೆರೆದು ಏಳೂ ಆರನ್ನು ತೋರಿಸಿದ. "ಆ ಅಮ್ಮ ನಾಲ್ಕು ವರ್ಷದಲ್ಲಿ ಒಂದೇ ಸಲ ತಪ್ಪಿದ್ದು. ಈ ಅಂಕಿಗೆ ನಾನು ಜವಾಬ್ದಾರ" ಎಂದನಂತೆ. ಕಾಜದಜ್ಜಿಯನ್ನು ಯಾರೂ ಕರೆಯಲಿಲ್ಲ. ಓದು ಬಾರದ ಮುದುಕಿಯನ್ನು ಕರೆದು ಏನು ಕೇಳುವುದು ಎಂದಿರಬೇಕು. ತೀರ್ಪು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿತ್ತು. ತಪ್ಪಿಲ್ಲ, ಆದರೆ ವರ್ಗಾವಣೆ. ದೂರದ ಯಾವುದೋ ಬಯಲಿಗೆ. ಅಲ್ಲಿ ಗುಡ್ಡವೂ ಇಲ್ಲ, ತಗ್ಗೂ ಇಲ್ಲ. ಹನ್ನೊಂದು ವರ್ಷ ಹೊಲಿದ ಬೊಂಬೆಗೆ ಅಲ್ಲೇನು ಕೆಲಸ?

ಟ್ಯಾಂಕು ಬರಿದಾದ ದಿನದಿಂದ ಎರಡು ತಿಂಗಳು ಅವನು ಗುರುವಾರಗಳಂದು ಬರಲಿಲ್ಲ. ಗುಡ್ಡದ ಮೇಲಿನ ಕಚೇರಿಯ ಕಿಟಕಿಯಲ್ಲಿ ಹೊತ್ತು ಮುಳುಗುವ ವೇಳೆಗೂ ಅವನ ತಲೆ ಕಾಣುತ್ತದೆ ಎಂದು ಹೇಳುತ್ತಿದ್ದರು. ಬರದಿರುವುದೇ ಒಳ್ಳೆಯದು ಎಂದು ಒಂದು ಮನಸ್ಸು ಅಜ್ಜಿಗೆ ಹೇಳುತ್ತಿತ್ತು. ಇನ್ನೊಂದು ಮನಸ್ಸು ಮೆಟ್ಟಿಲ ಕಡೆಗೇ ಇರುತ್ತಿತ್ತು.

ಹೊರಡುವ ಹಿಂದಿನ ದಿನ ಅವನು ಬಂದ. ಸ್ವೆಟರ್ ಒಂದೇ ಇತ್ತು, ಚಳಿ ಕಳೆದಿತ್ತು. ಪೆಟ್ಟಿಗೆಯ ಧೂಳು ಒರೆಸಿದ. ಮಗಳ ಕೂಸನ್ನು ಎತ್ತಿಕೊಂಡು, "ಏನೋ, ಗುಂಡಗಾಗಿದೀಯಲ್ಲೋ, ದಾರ ಬಿಟ್ರೆ ಹಾರಿಹೋಗ್ತೀಯ" ಎಂದ. ಕೂಸು ಅವನ ಕಿವುಡು ಕಿವಿಯನ್ನು ಹಿಡಿದು ಎಳೆಯಿತು. ಮಗಳು ಅದನ್ನು ಎತ್ತಿಕೊಂಡು ಕೆಳಗೆ ಹೋದ ಮೇಲೆ ಅವನು ಮೆಟ್ಟಿಲ ಮೇಲೆ ಕೂತ. ಅಜ್ಜಿ ಬಿಸಿನೀರು ತಂದಿಟ್ಟಳು. ಅವನು ಕುಡಿಯಲಿಲ್ಲ.

ಜೇಬಿನಿಂದ ಒಂದು ಕಾಗದ ತೆಗೆದು ಮೊಣಕಾಲ ಮೇಲೆ ಬಿಡಿಸಿದ. ಕೆಳಗಿನಿಂದ ಮೇಲಕ್ಕೆ ಹತ್ತಿ ಹೋಗುವ ಒಂದು ಗೆರೆ, ಅದರ ಮೇಲೆ ಕಾಜಗಳ ಸಾಲಿನ ಹಾಗೆ ಚುಕ್ಕಿಗಳು.

"ಗೆರೆ ಬೊಂಬೆ ಹೇಳಿದ್ದು, ಚುಕ್ಕಿ ನೀನು ಹೇಳಿದ್ದು. ಆ ದಿನದ್ದು. ನೋಡು, ಏಳು ಗಂಟೆಯದು ಗೆರೆ ಮೇಲೇ ಕೂತಿದೆ. ಏಳೂವರೆ, ಎಂಟು, ಎಂಟೂವರೆ, ಒಂಬತ್ತು, ಒಂಬತ್ತೂವರೆ, ಎಲ್ಲಾ ಕೂತಿದೆ. ಹತ್ತೂವರೆಯದೂ ಕೂತಿದೆ. ಹನ್ನೊಂದು ವರ್ಷದಲ್ಲಿ ಬೊಂಬೆ ಇಷ್ಟು ಚೆನ್ನಾಗಿ ಮೈಗೆ ಕೂತಿದ್ದು ಆ ಒಂದೇ ದಿನ."

ಅವನ ಬೆರಳು ಒಂದು ಚುಕ್ಕಿಯ ಹತ್ತಿರ ನಿಂತಿತು. ಅದೊಂದೇ ಗೆರೆಯಿಂದ ಕೆಳಗೆ ಬಿದ್ದಿತ್ತು, ಅಂಗಿಯಿಂದ ಕಿತ್ತುಹೋದ ಗುಂಡಿಯ ಹಾಗೆ.

"ಇದೊಂದು ಕೂತ್ಕೊಳ್ತಿಲ್ಲ. ಎರಡು ತಿಂಗಳು ಬೊಂಬೇನೇ ತಿದ್ದಿದೆ ಅಕ್ಕಾ. ಇಲ್ಲದ ಮೋಡ ತಂದು ಹಾಕಿದೆ. ಗುಡ್ಡದಿಂದ ಬೀಸದ ಗಾಳಿ ಬೀಸಿಸಿದೆ. ಈ ಚುಕ್ಕಿ ಸರಿಹೋಗುತ್ತೆ, ಆದ್ರೆ ಉಳಿದ ಎಲ್ಲಾ ದಿನಗಳೂ ತಪ್ಪಾಗುತ್ತವೆ. ನಿನ್ನ ಕಣ್ಣು ತಪ್ಪಿರಬಹುದು ಅಂತ ನನಗೆ ಹೊಳೆದದ್ದೇ ಮೊನ್ನೆ."

ಕಾಜದಜ್ಜಿ ಮಡಿಲಲ್ಲಿದ್ದ ಅಂಗಿಯನ್ನು ನೋಡುತ್ತಿದ್ದಳು.

"ಆಮೇಲೆ ನೆನಪಾಯ್ತು, ಬೇಕಾದ ಅಂಕಿ ಹೇಳಿದ್ದು ನಾನೇ. ಅದು ನನ್ನ ತಪ್ಪು, ಅದನ್ನ ನಾನು ಬರೆದಿದೀನಿ. ನಾಳೆ ಬೊಂಬೇನ ಇಲ್ಲೇ ಬಿಟ್ಟು ಹೋಗ್ತೀನಿ, ನನ್ನ ಜಾಗಕ್ಕೆ ಬರೋನು ಇದನ್ನ ನಂಬಿ ಇನ್ನೊಂದು ಸಲ ಸಹಿ ಹಾಕ್ತಾನೆ. ಅದಕ್ಕೇ ಕೇಳ್ತಿರೋದು. ಕೋಪ ಇಲ್ಲ. ಆದ್ರೆ ಸುಳ್ಳು ಹೇಳಿ ನಿನಗೆ ಧೈರ್ಯ ಕೊಡಲ್ಲ, ನೀನು ಏನು ಹೇಳಿದ್ರೂ ನಾನು ಬರೀತೀನಿ."

ಅವನು ಪೆನ್ನಿನ ಮುಚ್ಚಳ ತೆಗೆದ. ಕೆಳಗೆ ಮಗಳು ಕೂಸಿಗೆ ಏನೋ ಹೇಳಿ ನಗಿಸುತ್ತಿದ್ದಳು. ಅವನು ಎಡಗಿವಿಯನ್ನು ಅಜ್ಜಿಯ ಕಡೆಗೆ ತಿರುಗಿಸಿ ಕೂತ. ಆ ದಿನದ ನಂತರ ಅವಳು ಅವನನ್ನು ಮತ್ತೆ ನೋಡಲಿಲ್ಲ, ಅವನೂ ಅವಳನ್ನು ಮತ್ತೇನನ್ನೂ ಕೇಳಲಿಲ್ಲ. ಕೇಳಿದ್ದು ಇಷ್ಟೇ:

"ಹತ್ತು ಗಂಟೆಗೆ ಪಾದರಸ ಎಲ್ಲಿತ್ತಕ್ಕಾ?"